ಪಾಕ್ ಕಾಸಿರಾನರ ಹಕ್ಕಿ ಆ್ಯಪು

ಪಾಕ್ ಕಾಸಿರಾನರು ತಮ್ಮ ಅಂಗಡಿಯ ಹಳೆಯ ಬೋರ್ಡು ಇಳಿಸಿ ಹೊಸದನ್ನು ಏರಿಸಿದ ದಿನ ನಾನು ಗಿರಾಕಿಯೊಬ್ಬನ ಅರ್ಧ ಮೀಸೆ ಕತ್ತರಿಸಿ, ಉಳಿದರ್ಧವನ್ನು ಹಾಗೇ ಬಿಟ್ಟು ಬೀದಿಗೆ ಓಡಿದೆ. ಹಳೆಯ ಬೋರ್ಡಿನಲ್ಲಿ ‘ಹಕ್ಕಿ ಕಾಳು, ಜೀವಂತ ಮಿಡತೆ, ಪಂಜರ’ ಎಂದಿತ್ತು. ಹೊಸದರಲ್ಲಿ ‘ಕಾಸಿರಾನ್, ಆ್ಯಪ್ ತಯಾರಕರು’ ಎಂದು ದೊಡ್ಡಕ್ಷರದಲ್ಲಿ ಬರೆಸಿ, ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿ ‘ಮಿಡತೆಯೂ ಸಿಗುತ್ತದೆ’ ಎಂದು ಸೇರಿಸಿದ್ದರು.

“ಏನ್ ಪಾಕ್ ಇದು?” ಎಂದು ಕೇಳಿದೆ. ನಮ್ಮ ಕಡೆ ಗೌರವಕ್ಕೆ ಗಂಡಸರನ್ನು ‘ಪಾಕ್’ ಎಂದೂ ಹೆಂಗಸರನ್ನು ‘ಬು’ ಎಂದೂ ಕರೆಯುತ್ತೇವೆ.

“ಫೋನೊಳಗೆ ಒಂದು ಅಂಗಡಿ ಇರುತ್ತಲ್ಲಯ್ಯಾ, ಲಕ್ಷಾಂತರ ಆ್ಯಪ್ ಇಟ್ಟಿರೋದು, ಅದರಲ್ಲಿ ಇನ್ಮೇಲೆ ನಂದೂ ಒಂದು.”

“ಬಾಡಿಗೆ ಎಷ್ಟು?”

“ಬಾಡಿಗೆ ಇಲ್ಲ. ಒಂದ್ಸಲ ಪ್ರವೇಶದ ದುಡ್ಡು ಕಟ್ಟಿದ್ರೆ ಮುಗೀತು. ಆಮೇಲೆ ವ್ಯಾಪಾರ ಆದ್ರೆ ಅವರಿಗೊಂದು ಪಾಲು.”

“ಆಗದಿದ್ರೆ?”

“ಆಗದಿದ್ರೆ ನಂಗೂ ಸೊನ್ನೆ, ಅವರಿಗೂ ಸೊನ್ನೆ. ಎಂಥಾ ಧರ್ಮಿಷ್ಠರು ನೋಡು.”

ನನ್ನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಅಂಗಡಿಯಿರಲಿ, ಒಂದು ಬೀಡಾ ಡಬ್ಬವೂ ಹಿಡಿಸುವುದಿಲ್ಲ. ಆದ್ದರಿಂದ ನನಗೆ ಕುತೂಹಲ ಉಕ್ಕಿತು. ಆ ಅಂಗಡಿಯ ಯಜಮಾನ ಯಾರು, ಎಲ್ಲಿ ಕೂತಿರುತ್ತಾನೆ, ಲಕ್ಷಾಂತರ ಸಾಮಾನಿನ ನಡುವೆ ನಮ್ಮ ಜಾವಾ ದ್ವೀಪದ ಕ್ಲಾತೆನ್ ಊರಿನ ಮೆಲಾತಿ ಓಣಿಯ ಸಾಮಾನು ಗಿರಾಕಿಯ ಕಣ್ಣಿಗೆ ಹೇಗೆ ಬೀಳುತ್ತದೆ ಎಂದೆಲ್ಲ ಕೇಳಿದೆ. ಕಾಸಿರಾನರಿಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವರು ಬಹಳ ವಿವರವಾಗಿ ಹೇಳಿದರು.

ಆ್ಯಪಿನ ಒಳಗಿದ್ದದ್ದು ಒಂದೇ ಒಂದು ಸರಕು, ಬಾಯುವಿನ ಹಾಡು. ಬಾಯು ಎಂದರೆ ಕಾಸಿರಾನರ ಮುರಾಯಿ ಹಕ್ಕಿ. ಕಪ್ಪು ಮೈ, ಕಿತ್ತಳೆ ಹೊಟ್ಟೆ, ಮೊಳದುದ್ದದ ಬಾಲ. ನಮ್ಮ ಕಡೆ ಹಾಡುವ ಹಕ್ಕಿಗೆ ಗುರು ಬೇಕು. ಎಳೆಯ ಹಕ್ಕಿಯ ಪಂಜರಕ್ಕೆ ಬಟ್ಟೆ ಮುಚ್ಚಿ, ಒಳ್ಳೆಯ ಹಾಡುಗಾರ ಹಕ್ಕಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ತೂಗುಹಾಕುತ್ತೇವೆ. ಅಂಥ ಗುರು ಸಿಗದವರು ಫೋನನ್ನು ತೂಗುಹಾಕುತ್ತಾರೆ. ಬಾಯು ಹನ್ನೊಂದು ವರ್ಷದ ಮುದುಕ. ಒಂದು ಕಾಲದಲ್ಲಿ ಅದು ಬಾಯಿ ತೆರೆದರೆ ಸೈಕಲ್ಲುಗಳು ನಿಲ್ಲುತ್ತಿದ್ದವು. ಈಗ ಎಂಟು ತಿಂಗಳಿಂದ ಅದು ಹಾಡಿಲ್ಲ, ಕೋಲಿನ ಮೇಲೆ ಕೂತು ತೂಕಡಿಸುತ್ತದೆ.

“ಡಾಕ್ಟ್ರು ಎರಡು ತಿಂಗಳು ಅಂದಿದಾರೆ ಕಣಯ್ಯಾ,” ಎಂದರು ಕಾಸಿರಾನರು, ಬೋರ್ಡಿನ ಮೊಳೆ ನೋಡುತ್ತ. “ಇದು ಹೋದ್ರೆ ಆ ಹಾಡು ಯಾರ್ ಹಾಡ್ತಾರೆ? ನನ್ನ ಫೋನಲ್ಲಿ ರೆಕಾರ್ಡ್ ಇದೆ, ನಿಜ. ಫೋನು ಬಾವಿಗೆ ಬಿದ್ರೆ ಅದೂ ಹೋಯ್ತು. ಆ ದೊಡ್ಡಂಗಡೀಲಿ ಇಟ್ರೆ ಯಾವನೋ ಎಲ್ಲೋ ಕೇಳ್ತಾನೆ, ಅವನ ಹಕ್ಕಿ ಕಲೀತದೆ. ಇದು ಕಣ್ಣು ಮುಚ್ಚೋದ್ರೊಳಗೆ ಸೇರಿಸಿಬಿಡ್ಬೇಕು.”

ಬೋರ್ಡಿನ ಬಗ್ಗೆ ಒಂದೆರಡು ತಮಾಷೆ ಮಾತು ಸಿದ್ಧ ಮಾಡಿಕೊಂಡಿದ್ದೆ. ಅವನ್ನು ನುಂಗಿಕೊಂಡು ಅರ್ಧ ಮೀಸೆಯವನ ಬಳಿಗೆ ವಾಪಸು ಹೋದೆ.

ಆ್ಯಪು ಮಾಡುವುದು ಸುಲಭವಿತ್ತಂತೆ. ಯಾವುದೋ ವೆಬ್‌ಸೈಟಿನಲ್ಲಿ ಹಾಡು ಹಾಕಿ, ಹಕ್ಕಿಯ ಫೋಟೋ ಹಾಕಿ, ‘ಉಚಿತ’ ಎಂಬ ಗುಂಡಿ ಒತ್ತಿದರೆ ಆ್ಯಪು ರೆಡಿ. ‘ಉಚಿತ’ದ ಕೆಳಗೆ ಎರಡು ಪುಟ ಸಣ್ಣಕ್ಷರವಿತ್ತು. ಅದನ್ನು ಓದಲು ಕನ್ನಡಕ ಬೇಕಿತ್ತು, ಕನ್ನಡಕ ಮನೆಯಲ್ಲಿತ್ತು.

ಕಷ್ಟ ಶುರುವಾದದ್ದು ಅಂಗಡಿಯ ಬಾಗಿಲಲ್ಲಿ. ಮೊದಲಿಗೆ ಹೆಸರು ಕೇಳಿದರು, ಆಮೇಲೆ ಮನೆತನದ ಹೆಸರು ಕೇಳಿದರು. ನಮ್ಮ ಜಾವಾದಲ್ಲಿ ಅಪ್ಪ ಅಮ್ಮ ಒಂದೇ ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ. ಕಾಸಿರಾನರು ಎರಡು ಖಾನೆಗೂ ಕಾಸಿರಾನ್ ಎಂದೇ ತುಂಬಿದರು. ಆಮೇಲೆ ಬಂದ ನಿಯಮ ಇನ್ನೂ ಗಡುಸಾಗಿತ್ತು. ಹೊಸಬರ ಆ್ಯಪನ್ನು ಹನ್ನೆರಡು ಜನ ತಮ್ಮ ಫೋನಿನಲ್ಲಿ ಹಾಕಿಕೊಂಡು ಹದಿನಾಲ್ಕು ದಿನ ಬಿಡದೆ ಪರೀಕ್ಷಿಸಬೇಕು, ತಪ್ಪಿದ್ದರೆ ಹೇಳಬೇಕು. ನಡುವೆ ಜನ ಕಡಿಮೆಯಾದರೆ ಮತ್ತೆ ಒಂದನೇ ದಿನದಿಂದ ಶುರು.

ಓಣಿಯ ಕಾವಲು ಕಟ್ಟೆಯ ಮೇಲೆ ಸಂಜೆ ಸಭೆ ಸೇರಿತು. ಓಣಿಯ ಮುಖ್ಯಸ್ಥ ಪಾಕ್ ದ್ವಿಜೊ ಅಧ್ಯಕ್ಷರು. ಅವರ ಮನೆಯಲ್ಲಿ ಮಾತಾಡುವ ಮೈನಾ ಇದೆ. ಅದು ದ್ವಿಜೊ ಅವರ ಗಂಟಲಿನಲ್ಲೇ ಕೆಮ್ಮಿ, ಬಂದವರಿಗೆ ಸಲಾಂ ಹೇಳುತ್ತದೆ.

“ಹನ್ನೆರಡು ಜನ ಬೇಕು, ನಿಮ್ಮನೇಲೆಲ್ಲ ಹಕ್ಕಿ ಇದೆ,” ಎಂದರು ಕಾಸಿರಾನರು. “ಮಧ್ಯಾಹ್ನ ಮನೇಲಿ ಯಾರೂ ಇಲ್ದಾಗ ಪಂಜರಕ್ಕೆ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಫೋನ್ ಇಟ್ಟು ಹೊರಟುಬಿಡಿ. ಹೇಗಿದೆ ಅಂತ ನಂಗೆ ಹೇಳಿದ್ರೆ ಸಾಕು.”

ಹನ್ನೆರಡು ಗಂಡಸರೂ ಒಪ್ಪಿದರು. ನೆರೆಯವನ ಮುಖ ನೋಡಿ ಇಲ್ಲ ಎನ್ನುವ ಅಭ್ಯಾಸ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ದಿನವೂ ಸಂಜೆ ಕಾಸಿರಾನರು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳುತ್ತಿದ್ದರು.

“ಹೇಗಿದೆ?”

“ಭಾಳ ಚೆನ್ನಾಗಿದೆ ಪಾಕ್.”

“ತಪ್ಪೇನಾದ್ರೂ?”

“ತಪ್ಪಾ! ನಿಮ್ಮ ಆ್ಯಪಲ್ಲಾ?”

ಹೀಗೆ ಹತ್ತು ದಿನ ಸಾಂಗವಾಗಿ ನಡೆಯಿತು. ಹನ್ನೊಂದನೆಯ ದಿನ ದ್ವಿಜೊ ಅವರ ಹೆಂಡತಿ ಬು ದ್ವಿಜೊ ಸಂತೆಯಿಂದ ಒಂದು ಗಂಟೆ ಮುಂಚೆ ಬಂದರು. ಹಿತ್ತಲಿನ ಜಗಲಿಯಿಂದ ಟುಯ್, ಟುಯ್, ಟಿಂಗ್ ಎಂಬ ಸದ್ದು ಕೇಳಿತು. ಅದರ ಹಿಂದೆಯೇ ಸಕ್ಕರೆ ಪಾಕದಂಥ ಒಂದು ಹೆಣ್ಣು ದನಿ ಬಂತು. ಬು ದ್ವಿಜೊ ಸೊಪ್ಪಿನ ಬುಟ್ಟಿಯನ್ನು ಸದ್ದಿಲ್ಲದೆ ಕೆಳಗಿಟ್ಟರು. ದ್ವಿಜೊ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದರು.

“ಹಿಂದುಗಡೆ ಯಾರ್ರೀ?”

“ಯಾರೂ ಇಲ್ವಲ್ಲೇ. ನಾನೊಬ್ನೇ.”

“ಹಾಯ್… ಒಬ್ಬರೇ ಇದೀರಾ?” ಎಂದಿತು ಜಗಲಿ.

ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಓಣಿಯೆಲ್ಲ ಕೇಳಿತು. ಆದರೂ ಓಣಿ ಕೇಳಿಸದಂತೆ ನಟಿಸಿತು, ಆದ್ದರಿಂದ ನಾನು ಬರೆಯುವುದು ಸಭ್ಯತೆಯಲ್ಲ. ಅಕ್ಕಿ ಡಬ್ಬದೊಳಗೆ ದ್ವಿಜೊ ಅವರ ಫೋನು ಒಂದು ರಾತ್ರಿ ಹೂತಿತ್ತು ಎಂದಷ್ಟೇ ಹೇಳಿದರೆ ಸಾಕು.

ಮರುದಿನ ತರಕಾರಿ ಗಾಡಿಯ ಸುತ್ತ ಹೆಂಗಸರು ಸೇರಿದರು. ಯಾರೂ ತರಕಾರಿ ಕೊಳ್ಳುತ್ತಿರಲಿಲ್ಲ.

“ನಂಗೆ ಆ ಸದ್ದು ಗೊತ್ತು,” ಎಂದಳು ಸಲಾಮುನ್‌ನ ಹೆಂಡತಿ, ಹೊಲಿಗೆಯ ಬು ಸಲಾಮುನ್. “ನಮ್ ತಂಗಿ ಮಗನ ಫೋನಲ್ಲಿ ಬರ್ತದೆ. ಜೋಡಿ ಹುಡುಕೋ ಆ್ಯಪು. ಹೊಸ ಹುಡುಗಿ ಸಿಕ್ಕಿದ ಕೂಡ್ಲೇ ಟಿಂಗ್ ಅಂತದೆ.”

“ನಿಮ್ಮನೇಲೂ ಟಿಂಗ್ ಅಂತಾ?”

“ನಿನ್ನೆ ನಾಕ್ ಸಲ.”

“ನಮ್ಮನೇಲಿ ಹದಿನೇಳು,” ಎಂದಳು ಇನ್ನೊಬ್ಬಳು. ಅವಳ ದನಿಯಲ್ಲಿ ಸಂಕಟದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ನನ್ನ ಹೆಂಡತಿ ಹೇಳಿದಳು. ಅವಳು ಮನೆಗೆ ಬಂದು ನನ್ನ ಗುಂಡಿ ಫೋನನ್ನು ಎತ್ತಿ ನೋಡಿ, ಆಮೇಲೆ ನನ್ನನ್ನು ನೋಡಿ, ಇದ್ದಲ್ಲೇ ಇಟ್ಟಳು.

ಅಂದು ಸಂಜೆಯೊಳಗೆ ಹನ್ನೆರಡು ಗಂಡಸರ ಫೋನಿನಿಂದಲೂ ಇದ್ದಬದ್ದ ಆ್ಯಪುಗಳೆಲ್ಲ ಹೋದವು. ಹವಾಮಾನ ತೋರಿಸುವ ಆ್ಯಪನ್ನೂ ಬಿಡಲಿಲ್ಲ. ಹನ್ನೆರಡನೆಯ ದಿನಕ್ಕೆ ಕಾಸಿರಾನರ ಪರೀಕ್ಷಕರ ಸಂಖ್ಯೆ ಸೊನ್ನೆಯಾಯಿತು. ಅವರು ಮನೆಮನೆಗೆ ಹೋಗಿ ವಿಚಾರಿಸಿದರು. ಎಲ್ಲರೂ ಆ್ಯಪನ್ನು ಹೊಗಳಿದರು, ಫೋನು ಕೆಟ್ಟಿದೆ ಎಂದರು. ಒಂದೇ ದಿನ ಹನ್ನೆರಡು ಫೋನು ಕೆಟ್ಟದ್ದು ಅವರಿಗೆ ವಿಚಿತ್ರವೆನಿಸಿದರೂ ಮರುಪ್ರಶ್ನೆ ಹಾಕಲಿಲ್ಲ. ಅದೂ ಒಂದು ಸಭ್ಯತೆಯೇ.

ಬು ದ್ವಿಜೊ ಸುಮ್ಮನೆ ಕೂರುವ ಹೆಂಗಸಲ್ಲ. ಅವರು ವಾರ್ಡ್ ಕಚೇರಿಗೆ ಹೋಗಿ ದೂರು ಕೊಟ್ಟರು. ಅಲ್ಲಿಂದ ಕುಟುಂಬ ಸೌಹಾರ್ದ ವಿಭಾಗದ ಪಾಕ್ ಹರ್ಸೊಯೊ ಎಂಬ ಅಧಿಕಾರಿ ನಾಲ್ಕು ಪುಟದ ಫಾರಮ್ಮು ಹಿಡಿದು ದ್ವಿಜೊ ಅವರ ಮನೆಗೆ ಬಂದರು. ಚಾಪೆಯ ಈ ಕಡೆ ಹೆಂಗಸರು, ಆ ಕಡೆ ತಲೆ ತಗ್ಗಿಸಿದ ಹನ್ನೆರಡು ಗಂಡಸರು. ನಾನು ಯಾರ ಕಡೆಗೂ ಸೇರದೆ ಬಾಗಿಲಲ್ಲಿ ನಿಂತೆ. ಕಾಸಿರಾನರಿಗೆ ಮಾತ್ರ ವಿಷಯ ಏನೆಂದು ಯಾರೂ ಹೇಳಿರಲಿಲ್ಲ. ಸರ್ಕಾರದಿಂದ ಅಧಿಕಾರಿ ಬಂದಿದ್ದಾರೆ, ಹನ್ನೆರಡು ಜನರೂ ಸೇರಿದ್ದಾರೆ ಎಂದು ಕೇಳಿ ಅವರು ಇದು ತಮ್ಮ ಆ್ಯಪಿಗೆ ಸಂಬಂಧಿಸಿದ ಸಮಾರಂಭ ಎಂದುಕೊಂಡರು. ಮದುವೆಗೆ ಹಾಕುವ ಬಾಟಿಕ್ ಅಂಗಿ ಧರಿಸಿ, ಒಂದು ತಟ್ಟೆ ಸೋಯಾ ಕಾಳಿನ ತೆಂಪೆ ಬಜ್ಜಿ ಹಿಡಿದು ನಗುತ್ತ ಒಳಗೆ ಬಂದರು.

“ಇವರನ್ನೆಲ್ಲ ಸೇರಿಸಿದ್ದು ನೀವೇನಾ?” ಎಂದರು ಹರ್ಸೊಯೊ.

“ನಾನೇ ಸಾರ್. ಹನ್ನೆರಡು ಜನ. ಹದಿನಾಲ್ಕು ದಿನ ಬಿಡದೆ ಮಾಡ್ಬೇಕು ಅಂತ ನಿಯಮ.”

“ನಿಯಮ! ಯಾರ ನಿಯಮ?”

“ಅಂಗಡಿಯವರದ್ದು.”

ಹೆಂಗಸರ ಸಾಲಿನಲ್ಲಿ ಯಾರೋ ಎದೆ ಹಿಡಿದುಕೊಂಡರು. ಹರ್ಸೊಯೊ ಫಾರಮ್ಮಿನಲ್ಲಿ ‘ಅಂಗಡಿ’ ಎಂದು ಬರೆದು ಎರಡು ಗೆರೆ ಎಳೆದರು.

“ಹೆಂಡತಿಯರಿಗೆ ತಿಳಿಸಿದ್ರಾ?”

“ಅವರಿಗ್ಯಾಕೆ ಸಾರ್ ತೊಂದರೆ? ಅವರು ಹೊರಗೆ ಹೋದಾಗ ಮಾಡೋದು. ಬಟ್ಟೆ ಮುಚ್ಚಿ.”

“ಅಯ್ಯೋ ದೇವರೇ,” ಎಂದರು ಹರ್ಸೊಯೊ. “ಮುಂದಿನ ಉದ್ದೇಶ?”

“ಮುಂದೆ ಪ್ರಪಂಚಕ್ಕೇ ಬಿಡೋದು ಸಾರ್. ಬೇರೆ ಊರಿನವರೂ ಸೇರ್ಕೋಬಹುದು. ಬಜ್ಜಿ ತಗೊಳ್ಳಿ, ಬಿಸಿ ಇದೆ.”

ಹರ್ಸೊಯೊ ಬಜ್ಜಿ ಮುಟ್ಟಲಿಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಷ್ಟು ನಿರ್ಭಯವಾಗಿ ತಪ್ಪೊಪ್ಪಿಕೊಂಡವನನ್ನು ಅವರು ಕಂಡಿರಲಿಲ್ಲವಂತೆ. ಎದ್ದು ನಿಂತು, ದಾಂಪತ್ಯ ಎಂದರೇನು ಎಂದು ಶುರು ಮಾಡಿದರು. “ಗಂಡನಾದವನು ಮನೆಯಲ್ಲಿ ಒಂಟಿಯಾಗಿ ಇರುವಾಗ ತನ್ನ ಮನಸ್ಸಿಗೆ ತಾನೇ ಏನು ಕೇಳಿಕೊಳ್ಳಬೇಕು?” ಎಂದು ಗಂಭೀರವಾಗಿ ಪ್ರಶ್ನಿಸಿ, ಉತ್ತರಕ್ಕಾಗಿ ತಡೆದರು.

“ಹಾಯ್… ಒಬ್ಬರೇ ಇದೀರಾ?” ಎಂದಿತು ಸಕ್ಕರೆಯ ದನಿ.

ಹನ್ನೆರಡು ಗಂಡಸರೂ ಒಟ್ಟಿಗೆ ಕೈ ಎತ್ತಿದರು, ಕೈ ಖಾಲಿ ಇತ್ತು. ಅವರ ಫೋನುಗಳು ಚಾಪೆಯ ನಡುವೆ ಹರ್ಸೊಯೊ ಅವರ ಮುಂದೆ ಸಾಲಾಗಿ ಸತ್ತುಬಿದ್ದಿದ್ದವು. ಬು ದ್ವಿಜೊ ಎದ್ದು ದನಿ ಬಂದ ಕಡೆ ನಡೆದು, ಜಗಲಿಯ ಪಂಜರದ ಬಟ್ಟೆಯನ್ನು ಒಂದೇ ಸಲ ಎಳೆದರು. ಮೈನಾ ಕತ್ತು ಓರೆ ಮಾಡಿ ಅವರನ್ನು ನೋಡಿತು. ದ್ವಿಜೊ ಅವರ ಗಂಟಲಿನಲ್ಲಿ ಕೆಮ್ಮಿತು. ಆಮೇಲೆ, “ಟುಯ್, ಟುಯ್, ಟಿಂಗ್,” ಎಂದು ಹೇಳಿ, ರೆಪ್ಪೆ ಬಡಿದು, “ಒಬ್ಬರೇ ಇದೀರಾ?” ಎಂದಿತು.

ಕನ್ನಡಕ ತರಿಸಿ, ಕಾಸಿರಾನರ ಫೋನು ತೆರೆಸಿ, ಆ ಎರಡು ಪುಟ ಸಣ್ಣಕ್ಷರವನ್ನು ಹರ್ಸೊಯೊ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಉಚಿತ ಆ್ಯಪಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಜಾಹೀರಾತು ಬರುತ್ತದೆ, ಯಾವುದು ಬರಬೇಕೆಂದು ವೆಬ್‌ಸೈಟಿನವರು ನಿರ್ಧರಿಸುತ್ತಾರೆ. ಅವರು ಜೋಡಿ ಹುಡುಕುವ ಆ್ಯಪಿನದ್ದನ್ನು ನಿರ್ಧರಿಸಿದ್ದರು. ಹನ್ನೆರಡು ಮನೆಯ ಹಕ್ಕಿಗಳು ಗುರುಭಕ್ತಿಯಿಂದ ಅದನ್ನೂ ಕಲಿತಿದ್ದವು.

ಓಣಿ ಒಂದು ನಿಮಿಷ ನಕ್ಕಿತು. ಅಧಿಕಾರಿಯೂ ನಕ್ಕು ಬಜ್ಜಿ ತೆಗೆದುಕೊಂಡರು. ಆದರೆ ಕಾಸಿರಾನರು ದ್ವಿಜೊ ಅವರನ್ನೇ ನೋಡುತ್ತಿದ್ದರು.

“ನೀವು ಒಂದ್ ದಿನಾನೂ ಈ ಜಾಹೀರಾತು ಕೇಳಿರ್ಲಿಲ್ವಾ?”

ದ್ವಿಜೊ ಕೆಮ್ಮಿದರು. “ಮೊದಲ್ನೇ ದಿನಾನೇ ಕೇಳಿದ್ದೆ ಪಾಕ್.”

“ಮತ್ತೆ ಹೇಳ್ಲಿಲ್ಲ?”

“ನಿಮ್ಮ ಆ್ಯಪಲ್ವಾ. ಬೇಜಾರಾಗ್ಬಾರ್ದು ಅಂತ…”

“ನೀವು, ಸಲಾಮುನ್?”

“ನಾನೂ ಕೇಳಿದ್ದೆ. ಅದು ನಿಮಗೆ ಇಷ್ಟ ಅಂತ ಹಾಕಿದೀರೇನೋ ಅನ್ಕೊಂಡೆ.”

ಹನ್ನೆರಡು ಜನರೂ ಕೇಳಿದ್ದರು. ತಪ್ಪು ಹೇಳಲೆಂದೇ ನೇಮಕವಾದ ಹನ್ನೆರಡು ಜನ ಹನ್ನೊಂದು ದಿನ ಬಾಯಿ ಬಿಡದೆ ಸಭ್ಯರಾಗಿದ್ದರು. ಕಾಸಿರಾನರು ಬಜ್ಜಿ ತಟ್ಟೆಯನ್ನು ಚಾಪೆಯ ಮೇಲಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಕಂಡೆ.

“ಹದಿನಾಲ್ಕು ದಿನದಲ್ಲಿ ಹನ್ನೊಂದು ಮುಗಿದಿತ್ತು,” ಎಂದರು. “ಈಗ ಮತ್ತೆ ಮೊದಲಿಂದ. ಬಾಯು ನಿನ್ನೆಯಿಂದ ನೀರೂ ಕುಡೀತಿಲ್ಲ. ಒಬ್ಬ, ಒಬ್ಬನೇ ಒಬ್ಬ, ‘ಕಾಸಿರಾನ್, ನಿನ್ನ ಆ್ಯಪು ಸರಿ ಇಲ್ಲ’ ಅಂದಿದ್ರೆ ನಾನು ಅವನ ಕಾಲು ಹಿಡೀತಿದ್ದೆ.”

ಅವರು ಹೋದರು. ನನಗೂ ನಾಚಿಕೆಯಾಯಿತು. ಆ್ಯಪು ಮಾಡಿದ ದಿನವೇ ಆ ಸಣ್ಣಕ್ಷರದಲ್ಲಿ ಏನಿದೆ ಎಂದು ಕೇಳಬಹುದಿತ್ತು, ನಾನೂ ಕೇಳಿರಲಿಲ್ಲ.

ಕೊನೆಗೆ ಬು ದ್ವಿಜೊ ಸೊಂಟಕ್ಕೆ ಸೆರಗು ಬಿಗಿದರು. “ಗಂಡಸರ ಕೈಲಿ ಇದು ಆಗೋ ಕೆಲಸ ಅಲ್ಲ. ನಮ್ಮ ಹನ್ನೆರಡು ಜನರ ಫೋನಿಗೆ ಹಾಕಿ. ಜಾಹೀರಾತು ತೆಗೆಸೋಕೆ ವೆಬ್‌ಸೈಟಿನೋರು ಏನ್ ಕೇಳ್ತಾರೋ ಅದನ್ನ ಈ ಹನ್ನೆರಡು ಮಹಾಶಯರು ಸಿಗರೇಟು ಬಿಟ್ಟು ಕೊಡ್ತಾರೆ. ಏನ್ರೀ?”

ಹನ್ನೆರಡು ಗಂಡಸರೂ ಒಪ್ಪಿದರು. ಈ ಸಲದ್ದು ನಿಜವಾದ ಒಪ್ಪಿಗೆ.

ಹೆಂಗಸರು ಪರೀಕ್ಷಿಸಿದ ರೀತಿಯೇ ಬೇರೆ. ಮೊದಲ ದಿನವೇ ಕಾಸಿರಾನರಿಗೆ ಮೂವತ್ತೊಂದು ತಪ್ಪು ಬಂದವು. ಅಕ್ಷರ ಸಣ್ಣದು, ಬಣ್ಣ ಕಣ್ಣು ಚುಚ್ಚುತ್ತದೆ, ಹಕ್ಕಿಯ ಫೋಟೋದಲ್ಲಿ ಹಿಂದೆ ಒಣಗಲು ಹಾಕಿದ ಚಡ್ಡಿ ಕಾಣುತ್ತದೆ. ಕಾಸಿರಾನರು ಒಂದೊಂದನ್ನೂ ತಿದ್ದಿದರು, ಒಂದೊಂದಕ್ಕೂ ಖುಷಿಪಟ್ಟರು. ರಾಗಿ ಹಿಟ್ಟಿನಷ್ಟು ನುಣ್ಣಗೆ ಅರೆದ ಕಾಳನ್ನು ಬೆರಳಲ್ಲಿ ಬಾಯುವಿಗೆ ತಿನ್ನಿಸುತ್ತ, “ಇನ್ನು ಹತ್ತು ದಿನ ಕಣೋ, ಇನ್ನು ಒಂಬತ್ತು,” ಎನ್ನುತ್ತಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ಬಾಯು ಪಂಜರದ ತಳದಲ್ಲಿ ಮಲಗಿತ್ತು. ಪೇರಲೆ ಮರದ ಬುಡದಲ್ಲಿ ಹೂಳಿದೆವು. ಅಂದು ಕಾಸಿರಾನರು ಅಂಗಡಿ ತೆರೆಯಲಿಲ್ಲ. ಅವರ ಹೆಂಡತಿ ಮಾರ್ಸಿನಿ ನಮ್ಮ ಮನೆಗೆ ಬಂದು, ಅವರು ಆ್ಯಪು ಬೇಡವೆನ್ನುತ್ತಿದ್ದಾರೆ, ಕೈಬಿಟ್ಟುಬಿಡಿ ಎಂದರು. ಬು ದ್ವಿಜೊ ಕೇಳಿಸಿಕೊಂಡು, “ಅವರನ್ಯಾರು ಕೇಳಿದ್ರು? ಇನ್ನೂ ಐದು ದಿನ ಇದೆ,” ಎಂದರು. ಹೆಂಗಸರು ಒಂದು ದಿನವೂ ತಪ್ಪಿಸಲಿಲ್ಲ. ಹದಿನಾಲ್ಕಾದ ಮೇಲೆ ಅರ್ಜಿ ಹೋಯಿತು, ವಾರದಲ್ಲಿ ಆ್ಯಪು ಅಂಗಡಿ ಸೇರಿತು.

ಅಂಗಡಿ ಸೇರಿದ್ದು ನಿಜ, ಆದರೆ ಎಲ್ಲಿ ಸೇರಿತೆಂದು ಹುಡುಕಲು ನಮಗೆ ಅರ್ಧ ದಿನ ಬೇಕಾಯಿತು. ಹಕ್ಕಿ ಹಾಡು ಎಂದು ಕೇಳಿದರೆ ನೂರಾರು ಆ್ಯಪು ಬಂದವು. ದುಡ್ಡು ಕೊಟ್ಟವರದ್ದು ಮೇಲೆ, ಹೆಸರಾದವರದ್ದು ಅದರ ಕೆಳಗೆ. ನಮ್ಮದು ಎಷ್ಟು ಕೆಳಗಿತ್ತೆಂದರೆ ಸಲಾಮುನ್ ಬೆರಳು ನೋಯುತ್ತದೆಂದು ನಡುವೆ ಚಹಾ ಕುಡಿದ. ಒಂದು ತಿಂಗಳು, ಎರಡು ತಿಂಗಳು, ಓಣಿಯ ಆಚೆಯವರು ಯಾರೂ ಏನೂ ಬರೆಯಲಿಲ್ಲ. ಕಾಸಿರಾನರು ಮಿಡತೆ ಮಾರುತ್ತ ಕೂತಿದ್ದರು. ಆ ಬೋರ್ಡನ್ನು ತೆಗೆಯಿರಿ ಎನ್ನಲು ಯಾರಿಗೂ ಮನಸ್ಸಾಗಲಿಲ್ಲ.

ಮೂರನೆಯ ತಿಂಗಳಲ್ಲಿ ಬು ದ್ವಿಜೊ ಕೂಗಿಕೊಂಡು ಬಂದರು. ಹಲೀಲ್ ಎಂಬ ಒಬ್ಬ ಅಭಿಪ್ರಾಯ ಬರೆದಿದ್ದ. ಕೊಟ್ಟದ್ದು ಮೂರೇ ಸ್ಟಾರು.

“ಮೂರಾ!” ಎಂದು ಓಣಿ ಕೆರಳಿತು. “ಯಾವೂರಿನವನು ಅವನು? ಮುಖಕ್ಕೆ ಹೊಡೆದ ಹಾಗೆ ಮೂರು!”

“ಓದಿ,” ಎಂದರು ಕಾಸಿರಾನರು.

ಬು ದ್ವಿಜೊ ಓದಿದರು. “‘ರೆಕಾರ್ಡು ಸರಿ ಇಲ್ಲ. ಹಿಂದೆ ಕೋಳಿ ಕೂಗ್ತದೆ. ಯಾರೋ ಹೆಂಗಸು ಅನ್ನ ತಣ್ಣಗಾಯ್ತು ಅಂತ ಬೈತಾಳೆ.’”

“ಅದು ನಾನೇ,” ಎಂದರು ಮಾರ್ಸಿನಿ. ಮುಖ ಕೆಂಪಾದರೂ ಅವರು ಮುಂದೆ ಬಂದು ನಿಂತರು.

“‘ಅದಕ್ಕೇ ಸದ್ಯಕ್ಕೆ ಮೂರು. ಆದ್ರೆ ನಮ್ಮ ತೆರ್ನಾತೆ ದ್ವೀಪದಲ್ಲಿ ಇಂಥಾ ಹಾಡು ಯಾರೂ ಕೇಳಿಲ್ಲ. ನನ್ನ ಹಕ್ಕಿ ಪೂರ್ತಿ ಕಲಿತಿದೆ, ಬೆಳಿಗ್ಗೆ ಎದ್ರೆ ಇದೇ. ಬೀದಿ ಜನ ನಿಂತು ಕೇಳ್ತಾರೆ. ಈ ಹಕ್ಕಿ ಯಾರದ್ದು? ಇನ್ನೂ ಬದುಕಿದೆಯಾ?’”

ಹಡಗಿನಲ್ಲಿ ತೆರ್ನಾತೆಗೆ ಹೋಗಲು ದಿನಗಟ್ಟಲೆ ಬೇಕು. ನಮ್ಮ ಓಣಿಯಿಂದ ಯಾರೂ ಅಷ್ಟು ದೂರ ಹೋದವರಿಲ್ಲ. ಉತ್ತರ ಏನು ಬರೆಯಬೇಕೆಂದು ಎಲ್ಲರೂ ಒಟ್ಟಿಗೆ ಮಾತಾಡಿದರು. ಮೊದಲು ಧನ್ಯವಾದ ಹೇಳಿ ಎಂದರು ದ್ವಿಜೊ. ಐದು ಸ್ಟಾರು ಕೇಳಿ ಎಂದ ಸಲಾಮುನ್. ಸತ್ತದ್ದನ್ನು ಬರೆಯಬೇಡಿ, ಪಾಪ, ಅವನಿಗೆ ಬೇಜಾರಾಗುತ್ತದೆ ಎಂದರು ಇನ್ಯಾರೋ.

ಕಾಸಿರಾನರು ಫೋನು ಇಸಿದುಕೊಂಡು ಅಂಗಡಿಯ ಒಳಗೆ ಹೋಗಿ ಒಂದು ಗಂಟೆ ಕೂತರು. ಹೊರಗೆ ಬಂದು ನನ್ನ ಕೈಗೆ ಕೊಟ್ಟರು, ಗಟ್ಟಿಯಾಗಿ ಓದು ಎಂದರು. ಹೀಗೆ ಬರೆದಿದ್ದರು:

“ಬದುಕಿದೆ. ಈಗ ನಿಮ್ಮ ಮನೆಯಲ್ಲಿದೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ.”